ಮೀನು ಪ್ರಸಾದ: ಆಸ್ತಮಾ ರೋಗಿಗಳಿಗೆ ಕೆಲವು ಮುನ್ನೆಚ್ಚರಿಕೆಗಳು

ಮೃಗಶಿರಾ ಮಳೆ ಕೂಡುವ ಜೂನ್ ತಿಂಗಳಲ್ಲಿ, ಹೈದರಾಬಾದಿನ ನಾಂಪಲ್ಲಿ ವಸ್ತುಪ್ರದರ್ಶನ ಮೈದಾನದಲ್ಲಿ ಬತ್ತಿನಿ ಗೌಡ್ ಮನೆತನದವರು ಆಸ್ತಮಾ ರೋಗಿಗಳಿಗೆ ಮೀನು ಪ್ರಸಾದ ನೀಡುವುದು ಪ್ರಸಿದ್ಧ. 1845ರಿಂದ ನಡೆದುಬಂದಿದೆಯೆಂದು ಮನೆತನದವರು ಹೇಳುವ ಈ ವಿತರಣೆ, ಕೋವಿಡ್ ನಿಮಿತ್ತ ನಿಂತು 2023ರಲ್ಲಿ ಪುನರಾರಂಭವಾಯಿತು. ಕಲಬುರಗಿ, ಬೀದರ್ ಕಡೆಯ ಬಂಧುಗಳು ಇದಕ್ಕಾಗಿ ಬಂದು ನಮ್ಮ ಮನೆಗಳಲ್ಲಿ ತಂಗುವುದುಂಟು.

ಮೂಲಿಕೆಯ ಮುದ್ದೆಯಿಟ್ಟ ಜೀವಂತ ಕೊರ್ರಮೀನಿನ ಮರಿಯನ್ನು ರೋಗಿಯು ನುಂಗಬೇಕು. ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಇದರಿಂದ ಆಸ್ತಮಾ ಗುಣವಾಗುವುದೆಂಬುದಕ್ಕೆ ವೈದ್ಯಕೀಯ ಪುರಾವೆಯಿಲ್ಲ. ನಂಬಿಕೆ ಅವರವರದು, ಆದರೆ ಔಷಧ ನಿಲ್ಲಿಸುವುದು ಅಪಾಯಕರ.

ನಿತ್ಯದ ಇನ್‌ಹೇಲರ್ ಶ್ವಾಸನಾಳದ ಊತವನ್ನು ತಡೆಯುತ್ತದೆ; ಬಿಟ್ಟರೆ ಊತ ಮರುಕಳಿಸಿ, ತೀವ್ರ ಉಬ್ಬಸಕ್ಕೆ ದಾರಿಯಾಗಬಹುದು. ಬಹುಕಾಲ ಸ್ಟೀರಾಯ್ಡ್ ಮಾತ್ರೆ ಸೇವಿಸಿದವರು ಹಠಾತ್ತನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಹೊರಡುವ ಮೊದಲು ವೈದ್ಯರಿಗೆ ತಿಳಿಸಿರಿ. ಸಾಲ್‌ಬ್ಯುಟಮಾಲ್ ಇನ್‌ಹೇಲರ್ ಕಿಸೆಯಲ್ಲಿರಲಿ. ಜನಸಂದಣಿ, ಧೂಳುಗಳಲ್ಲಿ ಅದೇ ಆಸರೆ. ಏದುಸಿರಿರುವಾಗ ಮೀನು ನುಂಗಲೇಬಾರದು, ಉಸಿರುನಾಳಕ್ಕೆ ಸಿಲುಕೀತು. ಚಿಕ್ಕ ಮಕ್ಕಳಿಗೂ ಇದೇ ಭಯ. ಮೀನಿನ ಅಲರ್ಜಿಯುಳ್ಳವರು ದೂರವಿರಬೇಕು; ಮಧುಮೇಹಿಗಳು ಬೆಲ್ಲದ ಬಗ್ಗೆ ಜಾಗರೂಕರಾಗಿರಬೇಕು.

ಮಾತನಾಡಲಾರದಷ್ಟು ಉಬ್ಬಸವಾದರೆ, ತುಟಿ ನೀಲಿಗಟ್ಟಿದರೆ, ತಡಮಾಡದೆ 108ಕ್ಕೆ ಕರೆಮಾಡಿರಿ. ಊರಿನಿಂದ ಬರುವ ಬಂಧುಗಳಿಗೂ ಈ ವಿಷಯ ಮೊದಲೇ ತಿಳಿಸಬೇಕೆಂದು ನಾವು ಕೋರುತ್ತೇವೆ.