ಎಣಿಸಿದ್ದು ಯಾರು, ಬರೆದಿದ್ದು ಯಾರು?

ಇವತ್ತು ಎಷ್ಟು ಬರೆದ್ರಿ? ಇದನ್ನ ಕೇಳೋದಕ್ಕೂ ಈಗ ಮೊಬೈಲ್‌ನಲ್ಲಿ ಆ್ಯಪ್ ಇದೆ. ಪದ ಎಣಿಸುತ್ತೆ, ನಿಮಿಷ ಎಣಿಸುತ್ತೆ. ಇದೇನೋ ಹೊಸ ವಿದ್ಯೆ ಅಂದುಕೊಂಡವರಿಗೆ ನಾನು 1932ರ ಕಥೆ ಹೇಳ್ತೀನಿ.

ಆ ವರ್ಷ ಗಾಂಧೀಜಿ ಪುಣೆಯ ಯರವಡಾ ಜೈಲಿನಲ್ಲಿದ್ದರು. ಅವರ ಅಂದಿನ ದಿನಚರಿಯಲ್ಲಿ ದೊಡ್ಡ ಚಿಂತನೆ ಹುಡುಕಬೇಡಿ. ಹೆಚ್ಚಾಗಿ ಇರೋದು ಎರಡೇ ಲೆಕ್ಕ: ಇಷ್ಟು ಸುತ್ತು ನೂಲು ತೆಗೆದೆ, ಇಂಥಿಂಥವರಿಗೆ ಪತ್ರ ಬರೆದೆ. ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ 1917ರಲ್ಲಿ ದಿನಚರಿ ಹಿಡಿದವರು, 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಸಾಯೋವರೆಗೂ ಬಿಡಲಿಲ್ಲ. ನಮ್ಮ ಬೆಳಗಾವಿ ಜೈಲಿನಲ್ಲಿದ್ದಾಗ ಗಾಂಧೀಜಿಯ ಗೀತಾ ವ್ಯಾಖ್ಯಾನವನ್ನು ಇಂಗ್ಲಿಷಿಗೆ ತಂದರು. ಜೈಲಿನಲ್ಲೂ ದಿನ ವ್ಯರ್ಥವಾಗಲಿಲ್ಲ. ಆ ಕಾಲ ನಮಗೆ ಗೊತ್ತಿರೋದು ಇಂಥ ಬರಹದಿಂದಲೇ.

ಈಗ ಅದೇ 1932ರ ಸಿದ್ದಾಪುರಕ್ಕೆ ಬನ್ನಿ. ಸಿರಸಿ, ಸಿದ್ದಾಪುರ ಸೀಮೆಯ ರೈತರು ಕಂದಾಯ ಕಟ್ಟೋದಿಲ್ಲ ಅಂದರು. ಸರ್ಕಾರ ಜಮೀನು ಜಪ್ತಿ ಮಾಡಿತು, ಹರಾಜು ಹಾಕಿತು. ಗಂಡಸರು ಜೈಲಿಗೆ ಹೋದರು. ಹೆಂಗಸರು ಏನು ಮಾಡಿದ್ರು ಗೊತ್ತಾ? ಜಪ್ತಿ ಆಸ್ತಿ ಕೊಂಡವರ ಮನೆ ಬಾಗಿಲಲ್ಲೇ ಉಪವಾಸ ಕೂತರು! 1934ರಲ್ಲಿ ಗಾಂಧೀಜಿ ಸಿರಸಿ, ಸಿದ್ದಾಪುರಕ್ಕೇ ಬಂದರು. ಮಾವಿನಗುಂಡಿಯಲ್ಲಿ ಆ ಮಹಿಳೆಯರ ಸ್ಮಾರಕ ಇವತ್ತಿಗೂ ಇದೆ.

ನನ್ನ ಪ್ರಶ್ನೆ ಇಷ್ಟೇ. ಆ ದಿನಗಳ ಲೆಕ್ಕ ಬರೆದವರು ಯಾರು? ಎಷ್ಟು ಎಕರೆ, ಎಷ್ಟು ರೂಪಾಯಿ ಬಾಕಿ, ಅದನ್ನೆಲ್ಲ ಸರ್ಕಾರಿ ಕಚೇರಿ ಬರೆದುಕೊಂಡಿತು. ಜಮೀನು ಹೋದ ರಾತ್ರಿ ಮಕ್ಕಳಿಗೆ ಏನು ಬಡಿಸಿದರು, ಯಾವ ನೆಂಟರು ಬಾಗಿಲು ತೆರೆದರು, ಅದು ಬಹುಪಾಲು ಬಾಯಿಮಾತಿನಲ್ಲೇ ಉಳಿಯಿತು. ಕಸಿದುಕೊಂಡವರ ಲೆಕ್ಕ ಕಡತಕ್ಕೆ ಸೇರಿತು, ಕಳೆದುಕೊಂಡವರದ್ದು ನೆನಪಿಗೆ. ನೆನಪಿಗೆ ಆಯಸ್ಸು ಕಡಿಮೆ.

ಹಾಗಾಗಿ ದಿನಕ್ಕೆ ಎಷ್ಟು ಪದ ಅನ್ನೋದು ಮುಖ್ಯ ಅಲ್ಲ. ಯಾವ ದಿನವೂ ತಪ್ಪದಿರೋದು ಮುಖ್ಯ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಮನೆಗಳಲ್ಲಿ ಕೊನೆಕೊಯ್ಲಿನ ಲೆಕ್ಕ ಬರೆಯೋ ರೂಢಿ ಇದ್ದೇ ಇದೆ: ಎಷ್ಟು ಕೊನೆ, ಎಷ್ಟು ಆಳು, ಎಷ್ಟು ಕೂಲಿ. ಅದರ ಕೆಳಗೇ ಒಂದು ಸಾಲು ಮನೆಯ ಸುದ್ದಿ ಸೇರಿಸಿ, ತಾರೀಖು ಹಾಕಿ. ಮನೆಯಲ್ಲಿ ಅಜ್ಜಿ ಇದ್ದರೆ, ಮೊದಲ ಸಾಲು ಅವರನ್ನ ಕೇಳಿ ಬರೀರಿ. ಇವತ್ತೇ.