ಶಾಲೆಯಲ್ಲಿ ಹೃದಯಸಂಸ್ಕಾರ: ಒಂದು ಚಾರಿತ್ರಿಕ ಅವಲೋಕನ

ದೇವಾಲಯವಿದ್ದೆಡೆ ಶಾಲೆಯೂ ತಲೆಯೆತ್ತಿದುದು ನಮ್ಮ ನಾಡಿನಲ್ಲಿ ಸರ್ವವಿದಿತವಾದ ಸಂಗತಿ. ಆ ಶಾಲೆಗಳಲ್ಲಿ ಅಕ್ಷರ ಕಲಿತು ಕೀರ್ತಿವಂತರಾದವರ ಹೆಸರುಗಳನ್ನು ಶತಮಾನೋತ್ಸವದ ಇಂತಹ ಸಂಚಿಕೆಗಳಲ್ಲಿ ಅಭಿಮಾನದಿಂದ ಸ್ಮರಿಸುತ್ತೇವೆ. ಕಲಿಯದೆ ಹೊರಬಿದ್ದವರ ಹೆಸರಿಗೆ ಮಾತ್ರ ಯಾವ ಸಂಚಿಕೆಯಲ್ಲಿಯೂ ಸ್ಥಳವಿಲ್ಲ. ನಾವು ನಾಲ್ಕನೆಯ ತರಗತಿಯಲ್ಲಿದ್ದಾಗ ನಮ್ಮ ಪಕ್ಕದಲ್ಲಿ ಕುಳಿತಿರುತ್ತಿದ್ದ ಬಾಲಕನೊಬ್ಬನು, ತಾಯಿ ತೀರಿಕೊಂಡ ಕೆಲವು ವಾರಗಳ ಮೇಲೆ, ಉಪಾಧ್ಯಾಯರತ್ತ ಸ್ಲೇಟನ್ನು ಎಸೆದನು. ಬೆತ್ತದ ಏಟು ತಿಂದನು. ಮರುದಿನದಿಂದ ಶಾಲೆಗೆ ಬರಲಿಲ್ಲ. ಏಕೆ ಎಸೆದೆಯೆಂದು ಉಪಾಧ್ಯಾಯರೂ ಕೇಳಲಿಲ್ಲ, ಸಹಪಾಠಿಗಳಾದ ನಾವೂ ಕೇಳಲಿಲ್ಲ. ಈ ಒಂದು ಪ್ರಶ್ನೆಯನ್ನು ಶಾಲೆಯ ನಿತ್ಯದ ಕಾರ್ಯಕ್ರಮದೊಳಗೆ ತಂದು ನಿಲ್ಲಿಸಿದವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇವೆ.

ಈ ವಿಷಯವನ್ನೆತ್ತಿದೊಡನೆ ನಮ್ಮ ವಾಚಕರಿಗೆ ಸಂತ ಡಾನ್ ಬೋಸ್ಕೊರವರ ನೆನಪಾಗುವುದು ಸಹಜ. ತಪ್ಪು ನಡೆದ ಮೇಲೆ ದಂಡಿಸುವ ಪದ್ಧತಿಗಿಂತ, ತಪ್ಪಿಗೆ ಎಡೆಯಾಗದಂತೆ ಪ್ರೀತಿಯಿಂದ ಜೊತೆಗಿರುವ ಪದ್ಧತಿಯೇ ಲೇಸೆಂದು ಅವರು 1877ರಲ್ಲೇ ಬರೆದಿದ್ದರು. ಆದರೆ ನಾವೀಗ ಹೇಳಹೊರಟಿರುವ ವ್ಯವಸ್ಥೆ ಅವರಿಂದ ಹುಟ್ಟಿದುದೆಂದು ಹೇಳಿಕೊಳ್ಳುವುದು ಅತ್ಯುಕ್ತಿಯಾದೀತು. ಅದರ ಮೂಲವಿರುವುದು ಸಾರ್ವಜನಿಕ ಆರೋಗ್ಯಶಾಸ್ತ್ರದಲ್ಲಿ.

ಊರಿನಲ್ಲಿ ಸಾಂಕ್ರಾಮಿಕ ರೋಗ ತಲೆದೋರಿದಾಗ ವೈದ್ಯರು ಮೂರು ಬಗೆಯ ಕೆಲಸ ಮಾಡಬೇಕಾಗುತ್ತದೆ. ಎಲ್ಲರಿಗೂ ಶುದ್ಧವಾದ ನೀರು ದೊರೆಯುವಂತೆ ನೋಡಿಕೊಳ್ಳುವುದು ಮೊದಲನೆಯದು. ರೋಗದ ಮುನ್ಸೂಚನೆ ಕಂಡವರನ್ನು ಬೇಗ ಗುರುತಿಸಿ ಉಪಚರಿಸುವುದು ಎರಡನೆಯದು. ಹಾಸಿಗೆ ಹಿಡಿದವರಿಗೆ ವಿಶೇಷ ಚಿಕಿತ್ಸೆ ನೀಡುವುದು ಮೂರನೆಯದು. ಈ ಮೂರು ಸ್ತರಗಳ ವಿಚಾರವನ್ನು ಮನಸ್ಸಿನ ಆರೋಗ್ಯಕ್ಕೆ ಅನ್ವಯಿಸಿ ಗೆರಾಲ್ಡ್ ಕ್ಯಾಪ್ಲನ್ ಎಂಬ ಮನೋವೈದ್ಯರು 1964ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅದಕ್ಕೂ ಮುಂಚೆ, 1957ರಲ್ಲಿ, ಅಮೆರಿಕದ ರಾಚೆಸ್ಟರ್ ನಗರದಲ್ಲಿ ಎಮರಿ ಕೋವೆನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಶಾಲೆಯ ಎಳೆಯ ಮಕ್ಕಳಲ್ಲಿ ಮುದುಡಿ ಕುಳಿತವರನ್ನೂ ಸದಾ ಜಗಳಕ್ಕೆ ನಿಲ್ಲುವವರನ್ನೂ ಮೊದಲೇ ಗುರುತಿಸಿ ನೆರವಾಗುವ ಪ್ರಯೋಗವನ್ನು ಆರಂಭಿಸಿದ್ದರು. ಅಷ್ಟು ಮಕ್ಕಳಿಗೆ ಸಾಕಾಗುವಷ್ಟು ತಜ್ಞರನ್ನು ತರುವುದೆಲ್ಲಿಂದ? ಅವರು ಸಾಮಾನ್ಯ ಗೃಹಿಣಿಯರಿಗೆ ತರಬೇತಿ ಕೊಟ್ಟು ಆ ಮಕ್ಕಳ ಜೊತೆಗೆ ಕುಳಿತುಕೊಳ್ಳಲು ನೇಮಿಸಿದರು. ಮಕ್ಕಳನ್ನು ಹೆತ್ತು ಸಾಕಿದ ಅನುಭವಕ್ಕೆ ವಿದ್ವಾಂಸರು ಬೆಲೆ ಕೊಟ್ಟ ಈ ಪ್ರಸಂಗ ನಮಗೆ ಬಹಳ ಹಿಡಿಸಿತು.

ಆದರೆ ಈ ಚರಿತ್ರೆಯ ಹೃದಯವಿರುವುದು ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ ಪಟ್ಟಣದಲ್ಲಿ. ಅದರ ನಾಯಕರಾದ ಡಾಕ್ಟರ್ ಜೇಮ್ಸ್ ಕೋಮರ್‌ರವರು 1934ರಲ್ಲಿ ಇಂಡಿಯಾನದ ಒಂದು ಕಾರ್ಖಾನೆಯ ಊರಿನಲ್ಲಿ ಕಪ್ಪು ಜನಾಂಗದ ಬಡಕುಟುಂಬದಲ್ಲಿ ಜನಿಸಿದರು. ತಂದೆ ಉಕ್ಕಿನ ಕಾರ್ಖಾನೆಯ ಕೂಲಿ. ತಾಯಿ ಪರರ ಮನೆಗೆಲಸ ಮಾಡುತ್ತಿದ್ದವರು, ಎರಡು ವರ್ಷವೂ ಶಾಲೆಯ ಮುಖ ಕಂಡವರಲ್ಲ. ಆ ತಾಯಿಯ ಐವರು ಮಕ್ಕಳು ಒಟ್ಟು 13 ಕಾಲೇಜು ಪದವಿಗಳನ್ನು ಗಳಿಸಿದರು! ಅದೇ ಬೀದಿಯಲ್ಲಿ ಕೋಮರ್‌ರೊಡನೆ ಆಡಿ ಬೆಳೆದ, ಬುದ್ಧಿಯಲ್ಲಿ ಅವರಿಗೇನೂ ಕಡಮೆಯಲ್ಲದ ಮೂವರು ಗೆಳೆಯರಲ್ಲಿ ಒಬ್ಬನು ಮದ್ಯಕ್ಕೆ ಬಲಿಯಾದನು, ಇನ್ನೊಬ್ಬನು ಸೆರೆಮನೆಯಲ್ಲಿ ಬಹುಕಾಲ ಕಳೆದನು, ಮತ್ತೊಬ್ಬನು ಮಾನಸಿಕ ಆಸ್ಪತ್ರೆಗೆ ಹೋಗುತ್ತ ಬರುತ್ತ ಉಳಿದನು. ಈ ವ್ಯತ್ಯಾಸಕ್ಕೆ ಕಾರಣವೇನೆಂಬ ಪ್ರಶ್ನೆ ಅವರನ್ನು ಕಾಡಿತು. ವೈದ್ಯಶಾಸ್ತ್ರವನ್ನೂ ಸಾರ್ವಜನಿಕ ಆರೋಗ್ಯವನ್ನೂ ಓದಿ ಮನೋವೈದ್ಯರಾದ ಅವರು ಉತ್ತರವನ್ನು ಅರಸಿಕೊಂಡು ಬಂದುದು ಶಾಲೆಯ ಬಾಗಿಲಿಗೆ.

1968ರಲ್ಲಿ ಯೇಲ್ ವಿಶ್ವವಿದ್ಯಾಲಯದ ಶಿಶು ಅಧ್ಯಯನ ಕೇಂದ್ರವು ಎರಡು ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡಿತು. ಓದು ಮತ್ತು ಗಣಿತಗಳಲ್ಲಿ ಪಟ್ಟಣದ 33 ಪ್ರಾಥಮಿಕ ಶಾಲೆಗಳ ಪೈಕಿ ಇವುಗಳ ಸ್ಥಾನ 32 ಮತ್ತು 33. ಮಕ್ಕಳು ಹೆಚ್ಚುಕಡಮೆ ಎಲ್ಲರೂ ಕಪ್ಪು ಜನಾಂಗದವರು, ಬಹುಪಾಲು ಸರ್ಕಾರದ ನೆರವಿನಿಂದ ಬದುಕುತ್ತಿದ್ದ ಮನೆಗಳವರು. ಕೋಮರ್‌ರೊಡನೆ ಒಬ್ಬ ಸಮಾಜಸೇವಕರು, ಒಬ್ಬ ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಣದ ಒಬ್ಬ ಉಪಾಧ್ಯಾಯರು ಇದ್ದರು. ಮೊದಲ ವರ್ಷ ಎಲ್ಲವೂ ಗೊಂದಲಮಯ. ತರಗತಿಗಳು ಹತೋಟಿ ತಪ್ಪಿದವು. ಕೆರಳಿದ ತಂದೆತಾಯಿಗಳು ಪ್ರತಿಭಟಿಸಿದರು. ದೊಡ್ಡ ವಿಶ್ವವಿದ್ಯಾಲಯದವರು ಬಂದೊಡನೆ ಶಾಲೆ ಸರಿಹೋಗುವುದೆಂಬ ಭ್ರಮೆ ಅಲ್ಲಿಗೇ ಕಳಚಿಬಿದ್ದಿತು. ಅದು ಒಳ್ಳೆಯದೇ ಆಯಿತೆಂದು ನಮ್ಮ ಎಣಿಕೆ.

ಆ ದಿನಗಳ ಒಂದು ಪ್ರಸಂಗವನ್ನು ಕೋಮರ್‌ರವರೇ ದಾಖಲಿಸಿದ್ದಾರೆ. ದಕ್ಷಿಣದ ಹಳ್ಳಿಗಾಡಿನಿಂದ ಆಗತಾನೆ ಬಂದಿದ್ದ ಬಾಲಕನೊಬ್ಬನನ್ನು ಬಂಧುವೊಬ್ಬರು ಕೆಲಸಕ್ಕೆ ಹೋಗುವ ಆತುರದಲ್ಲಿ ಶಾಲೆಯಲ್ಲಿ ಬಿಟ್ಟು ಹೊರಟರು. ಹಿಂದಿನ ದಿನವಷ್ಟೇ ಹಲವು ಹೊಸ ಮಕ್ಕಳನ್ನು ಸೇರಿಸಿಕೊಂಡು ಬೇಸತ್ತಿದ್ದ ಉಪಾಧ್ಯಾಯಿನಿ ಇವನನ್ನು ಕಂಡೂ ಕಾಣದಂತೆ ತಲೆಯಾಡಿಸಿದರು. ಅಪರಿಚಿತ ಕೊಠಡಿ, ಅಪರಿಚಿತ ಮುಖಗಳು. ಬಾಲಕನು ಹೆದರಿ ಉಪಾಧ್ಯಾಯಿನಿಯನ್ನು ಒದ್ದು ಹೊರಗೆ ಓಡಿದನು. ಹಳೆಯ ಕ್ರಮದಂತೆ ನಡೆದಿದ್ದರೆ ಅವನಿಗೆ ಶಿಕ್ಷೆ. ಮತ್ತೆ ಸಿಡಿದರೆ ಇನ್ನೂ ದೊಡ್ಡ ಶಿಕ್ಷೆ. ಕಡೆಗೆ ಅವನ ಮೇಲೊಂದು ರೋಗದ ಹೆಸರಿನ ಚೀಟಿ. ಆದರೆ ಸಹಾಯಕ ತಂಡದವರು ಕುಳಿತು, ಆ ಬೆಳಿಗ್ಗೆ ಅವನ ಮನಸ್ಸಿನಲ್ಲಿ ಏನಾಗಿದ್ದೀತೆಂದು ಉಪಾಧ್ಯಾಯರೊಡನೆ ಚರ್ಚಿಸಿದರು. ತರಗತಿಯ ಮಕ್ಕಳೇ ಅವನನ್ನು ಸ್ವಾಗತಿಸುವ ಏರ್ಪಾಡಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಇನ್ನು ಮುಂದೆ ಹೊಸದಾಗಿ ಬರುವ ಪ್ರತಿಯೊಂದು ಮಗುವನ್ನೂ ಹೇಗೆ ಬರಮಾಡಿಕೊಳ್ಳಬೇಕೆಂಬ ಕ್ರಮವೇ ಶಾಲೆಯಲ್ಲಿ ನೆಲೆಗೊಂಡಿತು. ಮೂರನೆಯ ಸ್ತರದಲ್ಲಿ ಕಂಡ ನೋವಿಗೆ ಮೊದಲನೆಯ ಸ್ತರದಲ್ಲಿ ಮದ್ದು ಹುಡುಕುವುದೆಂದರೆ ಇದೇ.

ಹೀಗೆಯೇ, ವರ್ಷವರ್ಷವೂ ಉಪಾಧ್ಯಾಯರು ಬದಲಾಗುವುದರಿಂದ ಕೆಲವು ಮಕ್ಕಳು ಯಾರನ್ನೂ ನಂಬಲಾರದೆ ಹೋಗುತ್ತಿದ್ದರೆಂದು ಕಂಡುಬಂದಾಗ, ಒಬ್ಬರೇ ಉಪಾಧ್ಯಾಯರು ಎರಡು ವರ್ಷ ಅದೇ ಮಕ್ಕಳೊಡನೆ ಮುಂದುವರಿಯುವಂತೆ ಮಾಡಿದರು. ಮೊದಲ ವರ್ಷ ಒಂದಿಷ್ಟೂ ಮುನ್ನಡೆಯದ ಕೆಲವರು ಎರಡನೆಯ ವರ್ಷದಲ್ಲಿ ಎರಡು ವರ್ಷಗಳ ಪಾಠವನ್ನು ಕಲಿತರು. ಶಾಲೆಯ ಆಡಳಿತ ತಂಡದಲ್ಲಿ ತಂದೆತಾಯಿಗಳಿಗೆ ಸ್ಥಾನ ದೊರೆಯಿತು. ದೋಷವನ್ನು ಯಾರ ಮೇಲೂ ಹೊರಿಸದೆ ಸಮಸ್ಯೆಯನ್ನಷ್ಟೇ ಎದುರಿಗಿಟ್ಟುಕೊಳ್ಳಬೇಕೆಂಬುದು, ಮತ ಎಣಿಸದೆ ಒಮ್ಮತಕ್ಕೆ ಬರಬೇಕೆಂಬುದು ಅಲ್ಲಿನ ನಿಯಮಗಳು. ಧರ್ಮಕೇಂದ್ರದ ಸಮಿತಿಗಳಲ್ಲಿ ಕುಳಿತು ಅನುಭವವಿರುವವರಿಗೆ ಈ ನಿಯಮಗಳು ಎಷ್ಟು ಕಠಿನವೆಂದು ನಾವು ವಿವರಿಸಬೇಕಾಗಿಲ್ಲ. 1977ರಿಂದ ಸಾಮಾಜಿಕ ಕೌಶಲಗಳ ಪಾಠಕ್ರಮವೂ ಸೇರಿತು: ಚುನಾವಣೆ, ವ್ಯಾಪಾರ, ಆರೋಗ್ಯ ಮೊದಲಾದ ವಿಷಯಗಳ ಮೂಲಕ ಮಾತನಾಡುವುದು, ಪತ್ರ ಬರೆಯುವುದು, ಅತಿಥಿಗಳನ್ನು ಸತ್ಕರಿಸುವುದು, ಸೋಲನ್ನು ಸಹಿಸುವುದು. 1984ರ ವೇಳೆಗೆ ಯೋಜನೆಯ ಎರಡು ಶಾಲೆಗಳು ಅದೇ ಪಟ್ಟಣದಲ್ಲಿ ಮೂರನೆಯ ಮತ್ತು ನಾಲ್ಕನೆಯ ಸ್ಥಾನಕ್ಕೆ ಏರಿದ್ದವು. ಮೊದಲಿನ ಎರಡರಲ್ಲಿ ಒಂದರ ಬದಲಿಗೆ ಆ ವೇಳೆಗೆ ಬೇರೊಂದು ಶಾಲೆ ಸೇರಿತ್ತೆಂಬುದು ನಿಜ. ಆದರೆ ಮಕ್ಕಳ ಮನೆಗಳ ಬಡತನ ಮಾತ್ರ ಬದಲಾಗಿರಲಿಲ್ಲ.

1980ರ ದಶಕದ ಕೊನೆಯಲ್ಲಿ ರೋಜರ್ ವೈಸ್‌ಬರ್ಗ್ ಮತ್ತು ತಿಮೊತಿ ಶ್ರೈವರ್‌ರವರ ನೇತೃತ್ವದಲ್ಲಿ ಇಂತಹ ಪಾಠಗಳು ನ್ಯೂ ಹೇವನ್ನಿನ ಎಲ್ಲ ಶಾಲೆಗಳಿಗೂ ವ್ಯಾಪಿಸಿದವು. ತರಗತಿಯ ಗೋಡೆಯ ಮೇಲೆ ರಸ್ತೆಯ ಸಂಚಾರದೀಪದ ಚಿತ್ರ: ಕೆಂಪು ಕಂಡರೆ ನಿಲ್ಲು, ಶಾಂತನಾಗು, ಹಳದಿಯಲ್ಲಿ ಸಮಸ್ಯೆ ಏನು, ನಿನಗೇನನ್ನಿಸುತ್ತಿದೆ, ಯಾವ ಯಾವ ದಾರಿಗಳಿವೆ, ಅವುಗಳ ಪರಿಣಾಮವೇನು ಎಂದು ಯೋಚಿಸು, ಹಸಿರಿನಲ್ಲಿ ಉತ್ತಮವಾದುದನ್ನು ಮಾಡಿನೋಡು. ಎಳೆಯರಿಗೆ ಆತ್ಮಸಂಯಮವನ್ನು ಇಷ್ಟು ಸರಳವಾಗಿ ಹೇಳಿಕೊಟ್ಟುದನ್ನು ನಾವು ಬೇರೆಡೆ ಕಂಡಿಲ್ಲ. ಇದೇ ಬಳಗದವರು 1994ರಲ್ಲಿ ಕ್ಯಾಸೆಲ್ ಎಂಬ ಸಂಸ್ಥೆಯನ್ನು ಕಟ್ಟಿ ಈ ಶಿಕ್ಷಣಕ್ಕೆ ‘ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆ’ ಎಂದು ನಾಮಕರಣ ಮಾಡಿದರು.

ಮೂರು ಸ್ತರಗಳನ್ನು ತ್ರಿಕೋನದ ಚಿತ್ರವಾಗಿ ಶಾಲೆಗಳಲ್ಲಿ ಜನಪ್ರಿಯಗೊಳಿಸಿದವರು ಆರೆಗಾನ್ ವಿಶ್ವವಿದ್ಯಾಲಯದವರು. 1996ರಲ್ಲಿ ಹಿಲ್ ವಾಕರ್ ಮತ್ತು ಸಂಗಡಿಗರು ಅದನ್ನು ಶಾಲೆಯ ಶಿಸ್ತಿಗೆ ಅನ್ವಯಿಸಿ ಬರೆದರು. ಸುಮಾರು 80 ಮಂದಿಗೆ ಎಲ್ಲರಿಗೂ ಸಲ್ಲುವ ಪಾಠವೇ ಸಾಕು, 15 ಮಂದಿಗೆ ಸಣ್ಣ ಗುಂಪಿನಲ್ಲಿ ಹೆಚ್ಚಿನ ಅಭ್ಯಾಸ ಬೇಕು, 5 ಮಂದಿಗೆ ಒಬ್ಬೊಬ್ಬರಿಗೇ ರೂಪಿಸಿದ ಆಸರೆ ಬೇಕು ಎಂಬ ಸ್ಥೂಲವಾದ ಲೆಕ್ಕವೊಂದು ಚಲಾವಣೆಗೆ ಬಂದಿತು. ಎರಡನೆಯ, ಮೂರನೆಯ ಸ್ತರದ ಮಗು ಮೊದಲನೆಯದನ್ನು ಬಿಟ್ಟು ಹೋಗುವುದಿಲ್ಲ. ಎಲ್ಲರೊಡನೆ ಕಲಿಯುತ್ತಲೇ ಹೆಚ್ಚಿನದನ್ನು ಪಡೆಯುತ್ತದೆ. ಈ ಸೂಕ್ಷ್ಮವನ್ನು ಮರೆತರೆ ತ್ರಿಕೋನವು ಮಕ್ಕಳನ್ನು ಜಾತಿಗಳಾಗಿ ವಿಂಗಡಿಸುವ ಸಾಧನವಾದೀತು. ‘ಇವನು ಮೂರನೆಯ ಸ್ತರದವನು’ ಎಂಬ ಮಾತು ಉಪಾಧ್ಯಾಯರ ಬಾಯಿಂದ ಹೊರಟರೆ, ಅದು ಹಿಂದಿನ ಕಾಲದ ‘ದಡ್ಡರ ಬೆಂಚಿ’ನ ಹೊಸ ಹೆಸರಷ್ಟೇ.

ಇದರಿಂದ ಪಾಠಕ್ಕೆ ಹೊತ್ತು ಕಡಮೆಯಾಗದೆ ಎಂದು ಕೇಳುವ ತಂದೆತಾಯಿಗಳಿದ್ದಾರೆ. ಅವರ ಶಂಕೆ ನ್ಯಾಯವಾದುದೇ. ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು 213 ಕಾರ್ಯಕ್ರಮಗಳ, 2,70,034 ವಿದ್ಯಾರ್ಥಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ನೂರು ಮಕ್ಕಳ ಸಾಲಿನ ನಡುಮಧ್ಯದಲ್ಲಿ ನಿಂತ ಮಗು ಇಂತಹ ಶಿಕ್ಷಣದಿಂದ ವಿದ್ಯಾಭ್ಯಾಸದಲ್ಲಿ 11 ಸ್ಥಾನ ಮುಂದೆ ಸರಿಯಿತು. ಹೊರಗಿನ ತಜ್ಞರಿಲ್ಲದೆ ತರಗತಿಯ ಉಪಾಧ್ಯಾಯರೇ ನಡೆಸಿದ ಕಾರ್ಯಕ್ರಮಗಳೂ ಫಲ ಕೊಟ್ಟವು.

ನಮ್ಮ ನಾಡಿಗೂ ಈ ಚಿಂತನೆ ಬೇರೊಂದು ದಾರಿಯಿಂದ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಪ್ರಚುರಪಡಿಸಿದ ಹತ್ತು ಜೀವನ ಕೌಶಲಗಳನ್ನು ಆಧರಿಸಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್‌ರವರು ಪ್ರೌಢಶಾಲೆಗಳಿಗಾಗಿ ಪಾಠಗಳನ್ನು ಸಿದ್ಧಪಡಿಸಿ, ಕರ್ನಾಟಕದ ಉಪಾಧ್ಯಾಯರಿಗೇ ತರಬೇತಿಯಿತ್ತು ನಡೆಸಿದರು. 2010ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ, ಪಾಠ ಕೇಳಿದ ಮಕ್ಕಳ ಆತ್ಮಗೌರವ ಹೆಚ್ಚಿದ್ದಿತು. ಕಷ್ಟವನ್ನು ಎದುರಿಸುವ ಧೈರ್ಯ ಮೂಡಿತ್ತು. ಶಾಲೆಯೊಡನೆ, ಉಪಾಧ್ಯಾಯರೊಡನೆ ಹೊಂದಾಣಿಕೆ ಉತ್ತಮವಾಗಿದ್ದಿತು. ಆದರೆ ಮನೆಯಲ್ಲಿನ ಹೊಂದಾಣಿಕೆಯಲ್ಲಿ ಪಾಠ ಕೇಳಿದವರಿಗೂ ಕೇಳದವರಿಗೂ ವ್ಯತ್ಯಾಸ ಕಾಣಲಿಲ್ಲವೆಂದು ಅದೇ ವರದಿ ಪ್ರಾಮಾಣಿಕವಾಗಿ ಹೇಳುತ್ತದೆ. ಮನೆಯವರು ಆ ಪಾಠದ ಕೊಠಡಿಯೊಳಗೆ ಇರಲಿಲ್ಲ. ನ್ಯೂ ಹೇವನ್ನಿನಲ್ಲಿ ಪ್ರತಿಭಟಿಸಲು ಬಂದ ತಂದೆತಾಯಿಗಳನ್ನೇ ಒಳಗೆ ಕರೆದು ಕುರ್ಚಿ ಕೊಟ್ಟಿದ್ದರು.