ಶಾಲೆಯ ಆಯ್ಕೆ: ಧಾರವಾಡದ ಒಂದು ಅರ್ಜಿ

ಮಗುವನ್ನು ಶಾಲೆಗೆ ಸೇರಿಸುವಾಗ ತಂದೆತಾಯಿಗಳ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಕಟ್ಟಡ, ಕುಡಿಯುವ ನೀರು, ಶೌಚಾಲಯ, ಆಟದ ಮೈದಾನ ಹೇಗಿವೆ ಎಂಬುದು ಮೊದಲನೆಯದು. ಇದನ್ನು ಎಲ್ಲರೂ ಬಾಯಿಬಿಟ್ಟು ಕೇಳುತ್ತಾರೆ. ಅಲ್ಲಿ ಯಾರ ಮಕ್ಕಳು ಓದುತ್ತಾರೆ ಎಂಬುದು ಎರಡನೆಯದು. ಇದನ್ನು ಹಲವರು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ. ಈ ಎರಡನೆಯ ಪ್ರಶ್ನೆಗೆ ಒಂದು ಕಾಲದಲ್ಲಿ ಎಷ್ಟು ಬಲವಿತ್ತು ಎಂಬುದಕ್ಕೆ ನಮ್ಮ ಧಾರವಾಡದಲ್ಲೇ ಒಂದು ನಿದರ್ಶನವಿದೆ.

ಧಾರವಾಡವು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1854ರ ವುಡ್ ವರದಿಯು ಜನಸಾಮಾನ್ಯರಿಗೂ ಶಿಕ್ಷಣ ದೊರೆಯಬೇಕೆಂದು ಹೇಳಿ ಎರಡು ವರ್ಷಗಳಾಗಿದ್ದವು. 1856ರಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ ಧಾರವಾಡದ ಸರ್ಕಾರಿ ಶಾಲೆಗೆ ಸೇರಬಯಸಿದ. ಪ್ರವೇಶ ದೊರೆಯದಿದ್ದಾಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದುಕೊಂಡ. ನ್ಯಾಯ ಹುಡುಗನ ಪಕ್ಕದಲ್ಲಿದೆಯೆಂದು ಸರ್ಕಾರ ಒಪ್ಪಿಕೊಂಡಿತು. ಆದರೆ ಪ್ರವೇಶ ಕೊಡಲಿಲ್ಲ. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲರ ಪಾಲಿಗೆ ಶಾಲೆ ನಿರುಪಯುಕ್ತವಾದೀತು ಎಂಬುದು ಅದು ಕೊಟ್ಟ ಕಾರಣ. ಅಂದರೆ, ಇತರ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡಾರು ಎಂಬ ಭಯ!

ವಿಷಯ ಅಲ್ಲಿಗೇ ಮುಗಿಯಲಿಲ್ಲ. ಬಂಗಾಳದ ಸರ್ಕಾರಿ ಶಾಲೆಗಳಲ್ಲಾಗಿದ್ದರೆ ಈ ಹುಡುಗನಿಗೆ ಪ್ರವೇಶ ನಿರಾಕರಿಸುತ್ತಿರಲಿಲ್ಲ ಎಂದು 1857ರ ಜನವರಿಯಲ್ಲಿ ಗವರ್ನರ್ ಜನರಲ್‌ರ ಆಡಳಿತ ಮುಂಬಯಿಗೆ ಬರೆಯಿತು. ಸರ್ಕಾರಿ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು 1858ರಲ್ಲಿ ಲಂಡನ್ನಿನಿಂದ ಕಂಪನಿಯ ನಿರ್ದೇಶಕರೂ ಸ್ಪಷ್ಟಪಡಿಸಿದರು. 1882ರ ಹಂಟರ್ ಆಯೋಗ ಇದೇ ತತ್ವವನ್ನು ಎತ್ತಿಹಿಡಿಯಿತು. ಆದರೂ ವಿರೋಧದ ಅಂಜಿಕೆಯಿಂದ, ಅಗತ್ಯವಿದ್ದೆಡೆ ಪ್ರತ್ಯೇಕ ಶಾಲೆಗಳನ್ನು ತೆರೆಯಬಹುದೆಂದು ಸೂಚಿಸಿತು. ತತ್ವ ಕಾಗದದಲ್ಲಿ ಉಳಿಯಿತು, ಬೇರೆ ಶಾಲೆ ಊರಿನಲ್ಲಿ ಉಳಿಯಿತು.

ಪ್ರವೇಶ ದೊರೆತರೂ ಸೌಲಭ್ಯ ದೊರೆಯುತ್ತದೆಂಬ ಭರವಸೆಯಿರಲಿಲ್ಲ. ಡಾ. ಬಿ.ಆರ್. ಅಂಬೇಡ್ಕರ್ ಅವರು ಬಾಲ್ಯದಲ್ಲಿ ಸಾತಾರೆಯ ಶಾಲೆಗೆ ಹೋದಾಗ ತರಗತಿಯಲ್ಲಿ ಪ್ರತ್ಯೇಕವಾಗಿ, ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕುಳಿತುಕೊಳ್ಳಬೇಕಿತ್ತು. ಶಾಲೆಯಲ್ಲಿ ನೀರಿತ್ತು, ಆದರೆ ಜವಾನ ನಲ್ಲಿ ತಿರುಗಿಸದ ಹೊರತು ಅವರ ಬಾಯಾರಿಕೆ ತಣಿಯುತ್ತಿರಲಿಲ್ಲ. ಸೌಲಭ್ಯ ಇದೆಯೇ ಎಂದು ಕೇಳಿದರೆ ಸಾಲದು, ಯಾರಿಗೆ ಇದೆ ಎಂದೂ ಕೇಳಬೇಕೆಂಬುದನ್ನು ಈ ಪ್ರಸಂಗ ಕಲಿಸುತ್ತದೆ.

ಬದಲಾವಣೆ ತಂದ ಸಾಧನಗಳಲ್ಲಿ ಹಣವೂ ಒಂದು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಪ್ರವೇಶ ನಿರಾಕರಿಸುವ ಅನುದಾನಿತ ಸಂಸ್ಥೆಗಳಿಗೆ ಅನುದಾನ ಕೊಡುವುದಿಲ್ಲವೆಂದು 1923ರಲ್ಲಿ ಮುಂಬಯಿ ಸರ್ಕಾರ ಗೊತ್ತುವಳಿ ಹೊರಡಿಸಿತು. 1856ರಲ್ಲಿ ಪೋಷಕರಿಗೆ ಹೆದರಿದ ಸರ್ಕಾರವೇ ಈಗ ಶಾಲೆಗಳಿಗೆ ಷರತ್ತು ಹಾಕಿತು. ಸ್ವಾತಂತ್ರ್ಯಾನಂತರ, 1964-66ರ ಕೊಠಾರಿ ಆಯೋಗವು ಒಂದು ನೆರೆಹೊರೆಯ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಸಲಹೆ ಮಾಡಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಕನಿಷ್ಠ ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಹಾಗೂ ಅವಕಾಶವಂಚಿತ ಮಕ್ಕಳಿಗೆ ಮೀಸಲಿರಿಸಿತು.

ಒಳ್ಳೆಯ ಕೊಠಡಿ, ಒಳ್ಳೆಯ ಗ್ರಂಥಾಲಯ ಬಯಸುವುದು ತಂದೆತಾಯಿಗಳ ಸಹಜ ಹಕ್ಕು. ಆದರೆ ಒಂದು ಮನೆಯ ಆಯ್ಕೆ ಇನ್ನೊಂದು ಮನೆಯ ಮಗುವಿಗೆ ಬಾಗಿಲು ಮುಚ್ಚಬಹುದು ಎಂಬುದನ್ನು ಧಾರವಾಡದ ಅರ್ಜಿ ನೆನಪಿಸುತ್ತದೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ತರಗತಿಯನ್ನೊಮ್ಮೆ ಸುತ್ತ ನೋಡಿ. ಪಕ್ಕದ ಬೆಂಚಿನಲ್ಲಿ ಯಾರಿದ್ದಾರೆ, ಯಾರಿಲ್ಲ? ಇಲ್ಲದವರು ಏಕಿಲ್ಲ ಎಂದು ವಿಚಾರಿಸುವುದೂ ಇತಿಹಾಸದ ಅಧ್ಯಯನವೇ.